ಎರಡನೇ ಬಾಟಲಿಯ ಬಗ್ಗೆ

ಮಕ್ಕಳೂ ಮನೆಯವರೂ ಬಸ್ಸಣ್ಣ ಎಂದು ಕರೆಯುವ ನಾನು, ವಯಸ್ಸು ಐವತ್ತೊಂದು, ಕಸುಬು ಶಾಲಾ ಬಸ್ಸಿನ ಚಾಲಕ, ವಾಸ ಆಸ್ಪತ್ರೆಯ ಹಿಂದಿನ ಬೀದಿ, ಔಷಧಿ ಅಂಗಡಿಯ ಮೇಲಿನ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ವಾಂತಿಭೇದಿಯಿಂದ ಸೊರಗಿದ್ದ ನನ್ನ ಅಕ್ಕನನ್ನು ನಿನ್ನೆ ಬೆಳಿಗ್ಗೆ ಮಹಿಳಾ ವಾರ್ಡಿಗೆ ಸೇರಿಸಿದೆವು. ಅಕ್ಕನಿಗೆ ಅರವತ್ತಮೂರು, ಹೃದಯ ದುರ್ಬಲ. ವಾರ್ಡಿನಲ್ಲಿ ಹದಿನೆಂಟು ಮಂಚ, ಒಬ್ಬಳೇ ನರ್ಸ್. ಅದು ಅವಳ ಕೆಲಸದ ಮೊದಲ ದಿನ. ತಾನು ಕಲಿತದ್ದು ಬೊಂಬೆಯ ಮೇಲೆ, ಬೊಂಬೆಗೆ ನೋವು ಎನ್ನಲು ಬರುವುದಿಲ್ಲ ಎಂದು ಸೂಜಿ ಚುಚ್ಚುವ ಮುಂಚೆ ಅವಳೇ ಹೇಳಿದಳು. ನಂಗೆ ಬರುತ್ತೆ, ನೋಡ್ಕೊಂಡು ಚುಚ್ಚು ಎಂದು ಅಕ್ಕ ಅಂದಳು. ಜೊತೆಗಿದ್ದು ಕಲಿಸಬೇಕಾದ ಹಿರಿಯ ನರ್ಸ್ ಇನ್ನೂ ಎರಡು ವಾರ್ಡುಗಳ ಹೊಣೆ ಹೊತ್ತು ಮೇಲಿನ ಮಹಡಿಯಲ್ಲಿದ್ದರು.

ಮಧ್ಯಾಹ್ನ ಎರಡೂಕಾಲಿಗೆ ಸಲೈನಿನ ಮೊದಲ ಬಾಟಲಿ ಮುಗಿಯಿತು. ಹುಡುಗಿ ಎರಡನೆಯದನ್ನು ಹಿಡಿದುಕೊಂಡೇ, ಫೋನನ್ನು ಮಂಚದ ಮೇಲಿಟ್ಟು ಸ್ಪೀಕರ್ ಹಾಕಿ ಹಿರಿಯ ನರ್ಸಿಗೆ ಕರೆ ಮಾಡಿದಳು. ಎರಡನೇ ಬಾಟಲಿ ಏನ್ ಮಾಡ್ಲಿ ಸಿಸ್ಟರ್ ಎಂದು ಅವಳು ಕೇಳಿದ್ದು, ಬಿಡಮ್ಮ ಅದನ್ನ, ಬರ್ತೀನಿ ಎಂದು ಅವರು ಫೋನಿಟ್ಟದ್ದು, ಎರಡನ್ನೂ ನಾನು ಕಿವಿಯಾರೆ ಕೇಳಿದ್ದೇನೆ. ಹುಡುಗಿ ಬಾಟಲಿ ಸಿಕ್ಕಿಸಿ, ಹನಿ ಹೆಚ್ಚು ಕಡಿಮೆ ಮಾಡುವ ಕೊಳವೆಯ ಚಕ್ರವನ್ನು ಪೂರ್ತಿ ತೆರೆದಳು. ಅದು ತಪ್ಪೆಂದು ನನಗೂ ಹೊಳೆಯಲಿಲ್ಲ. ಶಾಲೆಯ ಗೇಟಿನಲ್ಲಿ ಆಯಾ ಬಿಡಣ್ಣ ಎಂದರೆ ನಾನು ಬಸ್ಸು ಹೊರಡಿಸುತ್ತೇನೆ. ಬಸ್ಸು ಬಿಟ್ಟು ಇಳಿದು ಹೋಗುವುದಿಲ್ಲ.

ಮೂರು ಗಂಟೆಯ ಹೊತ್ತಿಗೆ ಅಕ್ಕನಿಗೆ ಉಸಿರು ಕಟ್ಟತೊಡಗಿತು. ಅದನ್ನು ಮೊದಲು ಕಂಡದ್ದು ನಾನಲ್ಲ, ಆ ಹುಡುಗಿ. ಮೂರು ಮಂಚದಾಚೆಯಿಂದ ಬಂದು ಚಕ್ರ ಮುಚ್ಚಿ, ನನ್ನನ್ನು ಡಾಕ್ಟರ ಬಳಿಗೆ ಓಡಿಸಿದಳು. ಮಂಚದ ತಲೆಭಾಗ ಎತ್ತುವ ಹಿಡಿ ಮುರಿದಿತ್ತು. ನಾವು ಬರುವಾಗ ಅವಳು ಮಂಚ ಹತ್ತಿ ಕೂತು, ಅಕ್ಕನನ್ನು ತನ್ನ ಎದೆಗೆ ಒರಗಿಸಿಕೊಂಡಿದ್ದಳು. ನಿನ್ನ ಎದೆ ನಂದಕ್ಕಿಂತ ಜೋರಾಗಿ ಹೊಡ್ಕೊಳ್ತಿದೆ ಕಣೇ, ಮೊದಲು ನೀನು ಸುಧಾರಿಸ್ಕೊ ಎಂದು ಅಕ್ಕ ತುಂಡು ತುಂಡಾಗಿ ಹೇಳುತ್ತಿದ್ದಳು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಮೈಯಲ್ಲಿ ನೀರು ಹೆಚ್ಚಾಗಿದೆ, ಇಳಿಯಬೇಕು ಎಂದರು. ಆಮೇಲೆ ಬಂದ ಹಿರಿಯ ನರ್ಸ್, ಬಿಡು ಅಂದ್ರೆ ಬೇಡ ಅಂತ ಅಲ್ವೇನಮ್ಮ ಎಂದು ಕೇಳಿ ಸ್ಟೂಲಿನ ಮೇಲೆ ಕೂತರು. ಅವರ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ ಇತ್ತು.

ದೂರು ಕೊಟ್ಟವನು ಅಕ್ಕನ ಮಗ. ಹುಡುಗಿಯ ಮೇಲೆ ಕೇಸಾಗಬೇಕು, ಅವಳು ಮತ್ತೆ ನರ್ಸಿನ ಬಟ್ಟೆ ತೊಡಬಾರದು ಎನ್ನುತ್ತಾನೆ. ಮಾವ, ನೀವು ಯಾರ ಕಡೆ ಎಂದು ನನ್ನನ್ನು ಕೇಳಿದ. ನಿಮ್ಮಮ್ಮನ ಕಡೆ ಎಂದೆ. ಮೊದಲ ದಿನವೇ ಅವಳನ್ನು ಒಬ್ಬಳೇ ನಿಲ್ಲಿಸಿದವರು ಯಾರೆಂದು ಈವರೆಗೆ ಯಾರೂ ಕೇಳಿಲ್ಲ. ಕೇಳದಿದ್ದರೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಮೇಲೆ ಒಂದು ಕಡೆ ಇದ್ದ ‘ನಿರ್ಲಕ್ಷ್ಯ’ ಎಂಬ ಪದ ಹೇಳಿಕೆ ಬರೆದುಕೊಂಡ ಪೊಲೀಸರದು, ನನ್ನದಲ್ಲ. ಹೊಡೆದುಹಾಕಿಸಿದ್ದೇನೆ.

ಹುಡುಗಿ ಈಗ ಠಾಣೆಯ ಹೊರಗಿನ ಬೆಂಚಿನಲ್ಲಿ ತನ್ನ ತಂದೆಯ ಜೊತೆ ಕೂತಿದ್ದಾಳೆ. ನಾನು ಒಳಗೆ ಬರುವಾಗ ಎದ್ದು ನಿಂತು, ಅಮ್ಮಂಗೆ ಮೂತ್ರ ಸರಿಯಾಗಿ ಹೋಗ್ತಿದೆಯಾ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಅನುಮತಿ ಪಡೆದು ಇಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದೆ. ನಿನ್ನೆಯಿಂದ ನಂಗೆ ಅದೇ ಕೆಲಸ ಅಂತ ಹೇಳು ಅವಳಿಗೆ, ಎಂದಳು. ಹೊರಗೆ ಹೋಗಿ ಹೇಳಿ ಬಂದಿದ್ದೇನೆ.

ಇದನ್ನು ಓದಿಸಿ ಕೇಳಿದೆ. ನಾನು ಕಂಡು ಕೇಳಿದ್ದಷ್ಟೇ ಇದೆ, ಸುಳ್ಳಿಲ್ಲ.

ಸ್ಥಳ: ಠಾಣೆ
ದಿನಾಂಕ: ಘಟನೆಯ ಮರುದಿನ
ಸಹಿ: ಬಸ್ಸಣ್ಣ