ಕೊಳದ ಮೇವಿಗೆ ಕಲಸಿದ ಪುಡಿ

ಸಿರ್ ದರಿಯಾ ನದಿ ದಂಡೆಯ ಆಸ್ಪತ್ರೆಯಲ್ಲಿ ಸಾಲು ದೂರದ ಸಮರಕಂದ ಮುಟ್ಟುವಷ್ಟು ಉದ್ದವಿತ್ತು. ಸಂತೆಯಲ್ಲಿ ಮೀನು ಮಾರುವ ಸನೋಬರ್, ಬದನೆಕಾಯಿಯಷ್ಟು ಊದಿದ ಹೆಬ್ಬೆರಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಗಂಡನ ಅಕ್ಕ ಒಯ್ದಿನ್.

"ಮೀನಿನ ಮುಳ್ಳು ಚುಚ್ಚಿ ಎಷ್ಟು ದಿನ ಆಯ್ತೇ?"

"ಹದಿನೈದು. ಮೂರು ಥರ ಮಾತ್ರೆ ನುಂಗ್ದೆ, ಕೀವು ನಿಲ್ಲಲಿಲ್ಲ. ಮೀನಲ್ಲಿರೋ ರೋಗದ ಹುಳಕ್ಕೆ ಆ ಔಷಧಿ ಎಲ್ಲಾ ಅಭ್ಯಾಸ ಆಗೋಗಿದ್ಯಂತೆ."

"ಮೀನಿಗೆ ಔಷಧಿ ತಿನ್ಸಿದ ಪುಣ್ಯಾತ್ಮ ಯಾರು?"

"ನಿಮ್ಮ ತಮ್ಮನೇ, ಅತ್ತಿಗೆ. ನಾವು ಮೀನು ಸಾಕೋ ಕೊಳದಲ್ಲಿ ಒಂದು ಸತ್ತು ತೇಲಿದ್ರೆ ಇಡೀ ಕೊಳದ ಮೇವಿಗೆ ಅದೇ ಔಷಧಿ ಪುಡಿ ಕಲಸ್ತಾರೆ."

"ನಂಗೆ ಜ್ವರ ಬಂದ್ರೆ ಒಂದು ಬಟ್ಟಲು ಚಹಾ ಕೊಡಲ್ಲ ಅವನು."

"ಇವತ್ತಿನ ಸೂಜಿಗೂ ಕೀವು ಬಗ್ಗದಿದ್ರೆ ಬೆರಳು ತೆಗೀತಾರಂತೆ."

ನರ್ಸ್ ಹೆಸರು ಕೂಗಿದಳು. ಸನೋಬರ್ ಮೆಲ್ಲಗೆ ಎದ್ದಳು.

"ಅವನಿಗೆ ಹೇಳಿದ್ಯೇನೇ?"

"ಹೇಳ್ದೆ. ಬೆಳಿಗ್ಗೆ ಮತ್ತೆರಡು ಮೀನು ತೇಲಿದ್ವು, ಪುಡಿ ತರೋಕೆ ಹೋಗಿದಾರೆ."

ಇಬ್ಬರೂ ಒಳಗೆ ಹೋದರು.