ಹೋಗದ ಬಲ್ಬು

ಬಾವಲಿ ಚೆಕ್‌ಪೋಸ್ಟಿನ ಸಾಲಿನಲ್ಲಿ ನಮ್ಮ ಮುಂದಿದ್ದ ಕಾರಿನ ಎಡ ಇಂಡಿಕೇಟರು ವಿಪರೀತ ವೇಗವಾಗಿ ಮಿಣುಕುತ್ತಿತ್ತು. ಓಡಿಸುತ್ತಿದ್ದವನು ಇಳಿದು ಬಂದು ಹಿಂದಿನ ದೀಪವನ್ನು ಅಂಗೈಯಿಂದ ತಟ್ಟತೊಡಗಿದ. ಅವನ ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಕೇಳಿಸಿಕೊಳ್ಳಬಾರದು ಅಂದುಕೊಂಡೆ, ಸಾಲು ಅಲುಗಾಡಲೇ ಇಲ್ಲ.

“ಆ ದೀಪಕ್ಕೇನು ಮಗಾ, ಅಷ್ಟು ಅವಸರ?”

“ಹೊಸ ಎಲ್‌ಇಡಿ ಬಲ್ಬು ಹಾಕ್ಸಿದ್ದೆ ಅಜ್ಜಿ. ಕರೆಂಟು ತುಂಬಾ ಕಮ್ಮಿ ಎಳೀತದೆ. ಬಲ್ಬು ಹೋಗ್ಯದೆ ಅಂತ ಗಾಡಿ ತಿಳ್ಕೊಂಡದೆ, ಅದಕ್ಕೇ ಹಿಂಗೆ ಬಡ್ಕೊಳ್ತದೆ.”

“ಉರೀತಾ ಅದಲ್ಲ?”

“ಚೆನ್ನಾಗೇ ಉರೀತದೆ. ಗಾಡಿಗೆ ಬೆಳಕು ಕಾಣಲ್ಲ, ಎಷ್ಟು ಎಳೀತದೆ ಅನ್ನೋದಷ್ಟೇ ಗೊತ್ತಾಗೋದು.”

ಅಜ್ಜಿ ಕತ್ತು ಇನ್ನಷ್ಟು ಹೊರಗೆ ಚಾಚಿ ಆ ದೀಪವನ್ನು ನೋಡಿದರು.

“ನಾನೂ ಈಗ ನಾಕು ಗುಟುಕು ಗಂಜಿ ಕುಡಿಯೋದು. ಅಜ್ಜಿ ಹೋಗೇಬಿಡ್ತಾಳೆ ಅಂತ ನಿಮ್ಮಮ್ಮ ಎಚ್.ಡಿ. ಕೋಟೆಯಿಂದ ನೆಂಟರನ್ನೆಲ್ಲ ಕರೆಸಿ ಅಳಿಸಿದ್ಳು.”

“ಅಮ್ಮಂಗೆ ಹೆದ್ರಿಕೆ ಆಗ್ಬಿಡ್ತು ಅಜ್ಜಿ.”

“ಇದಕ್ಕೀಗ ಏನು ಮಾಡ್ತೀಯ?”

“ಬಲ್ಬಿನ ಪಕ್ಕ ಒಂದು ರೆಸಿಸ್ಟರ್ ಹಾಕಿಸ್ಬೇಕು. ಅದು ಸುಮ್ನೆ ಕರೆಂಟು ತಿಂದು ಬಿಸಿ ಆಗ್ತಾ ಇರ್ತದೆ. ಆಗ ಗಾಡಿ ನಂಬ್ತದೆ.”

“ಬೆಳಕು ಜಾಸ್ತಿ ಆಗ್ತದಾ?”

“ಇಲ್ಲ.”

ಗೇಟು ಎತ್ತಿದರು. ಅವನು ಓಡಿಹೋಗಿ ಸ್ಟೇರಿಂಗಿನ ಮುಂದೆ ಕೂತ. ಕಾರು ಕದಲುವಾಗ ಅಜ್ಜಿಯ ದನಿ ಮತ್ತೆ ಕೇಳಿಸಿತು.

“ಮೈಸೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀಯಲ್ಲ, ನನಗೂ ಅದನ್ನೇ ಹಾಕಿಸೋಕಾ?”