ಎದ್ದ ಕೈಯನ್ನು ಒತ್ತಿ ಹಿಡಿದವರು

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಎಂಥ ಸಾಹುಕಾರ ಅಂತೀರಿ? ಅವನ ಎಮ್ಮೆಗಳು ಕೆರೆಗೆ ಇಳಿದರೆ ನೀರು ಉಕ್ಕಿ ಆಚೆ ಊರಿನ ಒಲೆಗಳು ಆರುತ್ತಿದ್ದವು. ನಗಬೇಡಿ. ನಾನು ದೃಷ್ಟಾಂತ ಹೇಳಲು ನಿಂತರೆ ಗೋಡೆಯ ಮೇಲಿನ ಹಲ್ಲಿ ಕೂಡ ನೊಣ ಬಿಟ್ಟು ಕೇಳುತ್ತದೆ. ನೀವು ಅಷ್ಟಾದರೂ ಮಾಡಿ.

ಆ ಊರಿನ ಕ್ರೈಸ್ತ ದೇವಾಲಯದಲ್ಲಿ ಸಭೆಯವರು ಚಾಪೆಯ ಮೇಲೆ ಕೂರುತ್ತಿದ್ದರು. ವೇದಿಕೆಯ ಮುಂದೆ ಬರಿ ನೆಲ. ಕೃತಜ್ಞತೆಯ ಹಾಡು ಶುರುವಾದರೆ ಸಾಕು, ಒಬ್ಬ ಮೂಕ ಹೆಂಗಸು ಎದ್ದು ಅಲ್ಲಿ ಕುಣಿಯುತ್ತಿದ್ದಳು. ನೋಡಿ, ಮೂಕಿ. ಹಾಡಲಾರಳು, ಆಮೆನ್ ಎನ್ನಲಾರಳು. ಅವಳಿಗಿದ್ದ ಪ್ರಾರ್ಥನೆ ಅದೊಂದೇ. ಅವಳು ಒಂದು ಸುತ್ತು ತಿರುಗಿದರೆ ಪರಲೋಕದ ಕಿಟಕಿಗಳೆಲ್ಲ ಪಟಪಟನೆ ತೆರೆದುಕೊಳ್ಳುತ್ತಿದ್ದವು.

ಸಾಹುಕಾರನಿಗೆ ಮಾತ್ರ ಹೇಸಿಗೆ. ಪೇಟೆಯ ದೊಡ್ಡ ಚರ್ಚಿನಲ್ಲಿ ಜನ ಕಂಬದಂತೆ ಕೂತದ್ದನ್ನು ನೋಡಿ ಬಂದಿದ್ದ. ಸಾಗವಾನಿ ಬೆಂಚು ಮಾಡಿಸಿದ. ಒಂದು ಕಾಡೇ ಬೋಳಾಯಿತು. ವೇದಿಕೆಯ ಬುಡದವರೆಗೂ ಬೆಂಚು ಹಾಕಿಸಿ, ಎಲ್ಲವನ್ನೂ ನೆಲಕ್ಕೆ ಬೋಲ್ಟು ಬಿಗಿಸಿದ. ಸಭಾಪಾಲಕರು ದಾನಿಗೆ ಹಾರ ಹಾಕಿದರು. ಕುಣಿಯುವುದು ಹಾಗಿರಲಿ, ಮೊಣಕಾಲೂರಲು ಎಲ್ಲಿದೆ ಜಾಗ ಎಂದು ಒಬ್ಬರಾದರೂ ಕೇಳಿದರೇ? ಇಲ್ಲ. ಬೆಂಚಿಗೆ ಮೆತ್ತೆ ಇತ್ತಲ್ಲ. ಅಲುಗಾಡಿದವರ ಹೆಗಲು ಒತ್ತಿ ಕೂರಿಸಲು ಸಾಹುಕಾರ ಒಬ್ಬ ಮುದುಕನನ್ನೂ ನೇಮಿಸಿದ. ಬಹಳ ವಿಧೇಯ ಮುದುಕ.

ಮುಂದಿನ ಹಾಡಿಗೆ ಆ ಹೆಂಗಸು ಎರಡು ಬೆಂಚುಗಳ ಸಂದಿಯಲ್ಲೇ ಎದ್ದಳು. ಸಾಹುಕಾರ ತಿರುಗಿ ನೋಡಿದ.

“ಕುಂದ್ರಬೇ. ಇದು ದೇವರ ಮನಿ, ಬಯಲಾಟದ ಕಟ್ಟಿ ಅಲ್ಲ.”

ಮುದುಕ ಬಂದು ಹೆಗಲು ಒತ್ತಿದ. ಕೂತಳು. ಬೆಂಚಿನಡಿ ಅವಳ ಹೆಬ್ಬೆರಳು ಮಾತ್ರ ತಾಳ ಹಾಕುತ್ತಿತ್ತು. ಸಾಹುಕಾರ ಅದನ್ನೂ ಕಂಡ. ಅದೂ ನಿಂತಿತು. ಆ ಮಳೆಗಾಲ ಕಳೆಯುವುದರೊಳಗೆ ಅವಳು ದೇವಾಲಯದ ಹಿಂದಿನ ಮಣ್ಣಲ್ಲಿದ್ದಳು. ಜ್ವರ ಎಂದರು. ನಾನು ಮಾತ್ರ ಜ್ವರ ಎನ್ನುವುದಿಲ್ಲ.

ಆಮೇಲೆ ಸಾಹುಕಾರನಿಗೆ ಲಕ್ವ ಹೊಡೆಯಿತು. ನಾಲಗೆ ಬಿತ್ತು, ಬಲಭಾಗವೆಲ್ಲ ಬಿತ್ತು. ಉಳಿದದ್ದು ಎಡಗೈ. ಅವನನ್ನು ಹೊತ್ತು ತಂದು ಅವನೇ ಕೊಟ್ಟ ಮುಂದಿನ ಬೆಂಚಿನಲ್ಲಿ ಕೂರಿಸಿದರು. ಅದೇ ಕೃತಜ್ಞತೆಯ ಹಾಡು ಶುರುವಾಯಿತು. ಸಾಹುಕಾರನ ಎಡಗೈ ಮೆಲ್ಲಗೆ ಎದ್ದಿತು. ಹೆಂಗಸಿನ ಕ್ಷಮೆ ಕೇಳಿತೋ, ದೇವರ ಸ್ತೋತ್ರ ಮಾಡಿತೋ ನಾನರಿಯೆ. ಹೇಳಲು ಅವನಿಗೆ ಉಳಿದಿದ್ದದ್ದು ಅದೊಂದೇ ಕೈ.

ಮುದುಕ ಬಂದ. ಆ ಕೈಯನ್ನು ತೊಡೆಯ ಮೇಲೆ ಇಳಿಸಿ ಕಿವಿಯಲ್ಲಿ ಹೇಳಿದ: “ಸಾವ್ಕಾರ್ರ, ಅಲುಗಬ್ಯಾಡ್ರಿ. ಮಂದಿ ನೋಡಾಕತ್ತಾರ. ನಿಮ್ಮ ಮರ್ಯಾದಿ ನಾ ಕಾಯ್ತೀನಿ.”

ಕೈ ಮತ್ತೆ ಎದ್ದಿತು. ಮುದುಕ ಪಕ್ಕದಲ್ಲೇ ಕೂತು ಎರಡೂ ಕೈಯಿಂದ ಒತ್ತಿ ಹಿಡಿದ. ಪ್ರೀತಿಯಿಂದಲೇ ಹಿಡಿದ, ನೋಡಿ. ಹಾಡು ಮುಗಿಯಿತು, ಸಭಾಪಾಲಕರ ಪ್ರಸಂಗ ಮುಗಿಯಿತು, ಆಶೀರ್ವಾದ ಮುಗಿಯಿತು. ಆಗ ಬಿಟ್ಟ. ಕೈ ಆಗಲೇ ತಣ್ಣಗಾಗಿತ್ತು.

ಎಮ್ಮೆಯ ಮಾತು, ಕಾಡಿನ ಮಾತು, ಅವೆಲ್ಲ ನಾನು ಉಬ್ಬಿಸಿದ್ದು. ಈ ಕೈಯ ಮಾತನ್ನು ಉಬ್ಬಿಸಲಿಲ್ಲ. ನೀವು ಸಾಹುಕಾರನನ್ನು ಬೈಯುತ್ತಾ ಮನೆಗೆ ಹೋಗುವಿರಿ, ನನಗೆ ಗೊತ್ತು. ನಮ್ಮಲ್ಲಿ ಸಾಹುಕಾರರು ಎಷ್ಟು ಮಂದಿ? ಆ ಮುದುಕರು ಎಷ್ಟು ಮಂದಿ? ಹೋದ ಭಾನುವಾರ ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ಚಪ್ಪಾಳೆ ತಟ್ಟಿ ತೂಗಾಡಿದಾಗ ತಿರುಗಿ ನೋಡಿದ ಕಣ್ಣುಗಳು ಯಾರವು? ಸೊಸೆ ಕೈ ಎತ್ತಿದಾಗ ಸೆರಗು ಜಗ್ಗಿದ್ದು ಯಾರು?

ನಿಮಗೆ ಕುಣಿಯಲು ಬಾರದೇ? ಬೇಡ. ಕಾಲು ಒಳಕ್ಕೆಳೆದು, ಕುಣಿಯುವವರಿಗೆ ದಾರಿ ಬಿಡಿ. ನಾಳೆ ಬೆಳಿಗ್ಗೆ ಮನೆಯ ಪ್ರಾರ್ಥನೆಯಲ್ಲಿ ಕುರ್ಚಿ ಸರಿಸಿ ಮೊಣಕಾಲೂರಿ. ಮಗು ಹಾಡಿಗೆ ಕುಣಿದರೆ ಗದರಬೇಡಿ. ಎದೆ ಮಾತ್ರ ದೇವರದು, ಮೈ ನಮ್ಮದು ಎನ್ನಬೇಡಿ. ಎರಡನ್ನೂ ಮಾಡಿದವನು ಅವನೇ.

ಈಗ ಹಾಡು ಬರುತ್ತದೆ. ನಿಮ್ಮ ಪಕ್ಕದಲ್ಲಿ ಒಂದು ಕೈ ಎದ್ದೀತು. ಅದರ ಮೇಲೆ ನಿಮ್ಮ ಕೈ ಇಡಬೇಡಿ.